64ರ ಮಗ್ಗಿಯ ಹತ್ತನೇ ಸಾಲು

ಅಕ್ಕನ ಮಗಳು ಎಂಟನೇ ಕ್ಲಾಸು. ರಜೆಗೆ ಅಂತ ಮಂಡ್ಯಕ್ಕೆ, ನಮ್ಮ ಮನೆಗೆ ಬಂದಿದ್ದಾಳೆ. ಮೊನ್ನೆ ಅಕ್ಕಿ ಮೂಟೆ ಬಿಚ್ಚಿ ಡ್ರಮ್ಮಿಗೆ ಸುರಿಯುವಾಗ ಚದುರಂಗದ ಮಣೆಯ ಹಳೇ ಕತೆ ಹೇಳಿದೆ. ಮೊದಲ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು, ಹೀಗೆ 64 ಮನೆಗೂ. ಒಟ್ಟು ಎಷ್ಟಾಗುತ್ತೆ ಅಂತ ಕೇಳಿದಳು. ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದೆ: 18446744073709551615.

"ಇಷ್ಟುದ್ದ ಯಾಕೆ ಮಾವ? 1.84 ಗುಣಿಸು 10ರ ಘಾತ 19 ಅಂದ್ರೆ ಆಯ್ತು" ಅಂದಳು.

ತಪ್ಪಲ್ಲ. ತೂಕ ಹಾಕೋಕೆ ಅಷ್ಟು ಸಾಕು. ಕಾಳಿಗೆ 20 ಮಿಲಿಗ್ರಾಂ ಅಂತ ಹಿಡಿದರೆ ಸುಮಾರು 37,000 ಕೋಟಿ ಟನ್. ಇಡೀ ಜಗತ್ತು ಈಗ ವರ್ಷಕ್ಕೆ ಬೆಳೆಯುವ ಅಕ್ಕಿ 50 ಕೋಟಿ ಟನ್ ಆಸುಪಾಸು. ಏಳುನೂರು ವರ್ಷದ ಬೆಳೆ!

ಆದರೆ ನಾವು ಮಕ್ಕಳನ್ನು ಅಲ್ಲಿಗೇ ನಿಲ್ಲಿಸುತ್ತೇವೆ ಅನ್ನೋದು ನನ್ನ ಬೇಸರ. 'ಅಬ್ಬಾ, ಎಷ್ಟು ದೊಡ್ಡದು' ಅಂದು ಪುಟ ತಿರುಗಿಸುತ್ತೇವೆ. 1.84 ಅಂತ ಮೊಟಕು ಮಾಡಿದ ಮೇಲೆ ಅದು ಸಮವೋ ಬೆಸವೋ ಅಂತಲೂ ಗೊತ್ತಾಗಲ್ಲ. ನೃಪತುಂಗನ ಕಾಲದ ಮಹಾವೀರಾಚಾರ್ಯರು ಗಣಿತಸಾರಸಂಗ್ರಹದಲ್ಲಿ 24 ಸ್ಥಾನಗಳಿಗೆ ಒಂದೊಂದು ಹೆಸರು ಕೊಟ್ಟಿದ್ದಾರೆ. ನಮ್ಮ ಸಂಖ್ಯೆಗೆ ಇರೋದು 20 ಅಂಕಿ. ಒಂದೊಂದು ಅಂಕಿಗೂ ಅಲ್ಲಿ ಜಾಗವಿದೆ.

ಅವಳನ್ನು ಕೂರಿಸಿಕೊಂಡು ಶುರು ಮಾಡಿದೆ. ಕೊನೆಗೆ 5 ಇದೆ, ಅಂದರೆ 5ರಿಂದ ಭಾಗವಾಗುತ್ತೆ. ಅಂಕಿಗಳನ್ನೆಲ್ಲ ಕೂಡಿದಳು, 87 ಬಂತು. ಹಾಗಾದರೆ 3ರಿಂದಲೂ ಆಗುತ್ತೆ, 9ರಿಂದ ಇಲ್ಲ. ಆಮೇಲೆ ಅವಳ ಪುಸ್ತಕದ್ದೇ ಸೂತ್ರ: ಎರಡು ವರ್ಗಗಳ ವ್ಯತ್ಯಾಸ ಅಂದರೆ ಮೊತ್ತ ಗುಣಿಸು ವ್ಯತ್ಯಾಸ. ನಮ್ಮ ಸಂಖ್ಯೆ 2ರ ಘಾತ 64ಕ್ಕಿಂತ ಒಂದು ಕಡಿಮೆ, ಅಲ್ವಾ? 2ರ ಘಾತ 64 ಅಂದರೆ 2ರ ಘಾತ 32ರ ವರ್ಗ, 1 ಅಂದರೆ 1ರದೇ ವರ್ಗ. ಅದೇ ಸೂತ್ರವನ್ನು ಮತ್ತೆ ಮತ್ತೆ ಹಾಕಿದರೆ ಈರುಳ್ಳಿ ಸಿಪ್ಪೆಯ ಹಾಗೆ ಬಿಚ್ಚಿಕೊಳ್ಳುತ್ತೆ: 3, 5, 17, 257, 65537, ಕೊನೆಗೆ 4294967297.

ಮೊದಲ ಐದೂ ಅವಿಭಾಜ್ಯ. ಆರನೆಯದೂ ಹಾಗೇ ಇರುತ್ತೆ ಅಂತ ಫ್ರಾನ್ಸಿನ ಗಣಿತಜ್ಞ ಫರ್ಮಾ ನಂಬಿದ್ದರು. 1732ರಲ್ಲಿ ಆಯ್ಲರ್ ಅದು ಸುಳ್ಳು ಅಂತ ತೋರಿಸಿದರು. ಹೇಗೆ ಅನ್ನೋದೇ ನನಗೆ ಬಹಳ ಇಷ್ಟ. ಈ ಆರನೆಯ ಸಂಖ್ಯೆಯನ್ನು ಯಾವುದಾದರೂ ಭಾಗಿಸುವುದಾದರೆ ಅದು 64ರ ಮಗ್ಗಿಗೆ 1 ಕೂಡಿಸಿದ್ದೇ ಆಗಿರಬೇಕು. ಸುಮ್ನೆ ಎಲ್ಲವನ್ನೂ ಭಾಗಿಸುತ್ತಾ ಕೂರಬೇಕಾಗಿಲ್ಲ. 65, 129, 193, 257... ಅವಿಭಾಜ್ಯಗಳನ್ನಷ್ಟೇ ಪರೀಕ್ಷಿಸಿದರೆ ಸಾಕು. 193 ಆಗಲ್ಲ, 257 ಆಗಲ್ಲ, 449, 577 ಕೂಡ ಆಗಲ್ಲ. ಮಗ್ಗಿಯ ಹತ್ತನೇ ಸಾಲು 640, ಒಂದು ಕೂಡಿಸಿ 641. ಭಾಗಿಸಿದರೆ 6700417, ಶೇಷ ಸೊನ್ನೆ. ಆ ಸೊನ್ನೆ ಬಂದಾಗ ಅವಳು ಪೆನ್ನು ಬಿಸಾಕಿ ಅಡುಗೆಮನೆಗೆ ಓಡಿ ಅಜ್ಜಿಗೆ ಹೇಳಿ ಬಂದಳು.

ಮೊಬೈಲಿಗೆ ಕೇಳಿದ್ದರೆ ಇದೇ ಉತ್ತರ ಕ್ಷಣದಲ್ಲಿ ಸಿಗುತ್ತಿತ್ತು. ಆದರೆ ಅಡುಗೆಮನೆಗೆ ಓಡುವ ಖುಷಿ ಸಿಗುತ್ತಿರಲಿಲ್ಲ. ದಯವಿಟ್ಟು ಮಕ್ಕಳಿಗೆ ಒಂದು ಉದ್ದನೆಯ ಸಂಖ್ಯೆಯನ್ನಾದರೂ ಕೈಯಾರೆ ಬಿಡಿಸಲು ಕೊಡಿ. ಟೀಚರ್‌ಗಳನ್ನೂ ಇದನ್ನೇ ಕೇಳಿಕೊಳ್ಳುತ್ತೇನೆ.

ಮಣೆಗೆ ಇನ್ನು ಮೂರೇ ಮನೆ ಜಾಸ್ತಿ ಇದ್ದಿದ್ದರೆ ಕತೆಯೇ ಬೇರೆ. ಆಗ ಒಟ್ಟು 147573952589676412927. ಅಕ್ಕಿ ಎಂಟು ಪಟ್ಟು ಅಷ್ಟೇ, ಆದರೆ ಸಿಪ್ಪೆ ಬಿಡಿಸುವ ಸೂತ್ರ ಇಲ್ಲಿ ನಡೆಯಲ್ಲ, ಯಾಕೆಂದರೆ 67 ಬೆಸ ಸಂಖ್ಯೆ. ಈ ಉದ್ದನೆಯ ಸಂಖ್ಯೆ ಅವಿಭಾಜ್ಯ ಅಂತ 1644ರಲ್ಲಿ ಮರ್ಸೆನ್ ಬರೆದಿದ್ದರು. ಅಲ್ಲ ಅಂತ 1876ರಲ್ಲಿ ಲ್ಯೂಕಾ ಸಾಧಿಸಿದರು, ಆದರೆ ಅಪವರ್ತನಗಳು ಅವರ ಕೈಗೂ ಸಿಗಲಿಲ್ಲ. 1903ರಲ್ಲಿ ಅಮೆರಿಕದ ಕೋಲ್ ಕೊಟ್ಟರು: 193707721 ಮತ್ತು 761838257287.

ಇವೆರಡನ್ನೂ ಅವಳಿಗೆ ಬರೆದುಕೊಟ್ಟಿದ್ದೇನೆ. ನಿನ್ನೆಯಿಂದ ಗುಣಿಸುತ್ತಿದ್ದಾಳೆ. ಕ್ಯಾಲೆಂಡರ್‌ನ ಇನ್ನೊಂದು ಹಾಳೆ ಕೇಳಿದಳು, ಹರಿದುಕೊಟ್ಟೆ.