ಮುಕ್ಕಾಲು ಪೌಂಡು ಕಾಣಿಕೆ

"ಒಂದೇ ಕ್ಲಿಕ್‌ನಲ್ಲಿ ನಿಮ್ಮ ಸೈಟ್ ನಮ್ಮ ಸರ್ವರಿಗೆ!" ಅಂತ ಜಾಹೀರಾತು ಬರೆಯುವವರನ್ನು ಹಿಡಿದು ತಂದು ನನ್ನ ಕುರ್ಚಿಯಲ್ಲಿ ಕೂರಿಸಬೇಕು ಅನ್ನಿಸುತ್ತಿದೆ. ಕ್ಲಿಕ್ ಒಂದೇ, ನಿಜ. ಆಮೇಲಿನ ಒದ್ದಾಟ ಅವರ ಲೆಕ್ಕಕ್ಕೆ ಬರುವುದಿಲ್ಲ, ಅಷ್ಟೆ.

ನಮ್ಮ ಊರಿನವರ ಸಂಘಕ್ಕೊಂದು ವೆಬ್‌ಸೈಟ್ ಇದೆ. ಸದಸ್ಯರ ಪಟ್ಟಿ, ಕಟ್ಟಡ ನಿಧಿಯ ಲೆಕ್ಕ, ಹಿರಿಯರು ಬರೆದ ನೆನಪುಗಳು. ಸಾಫ್ಟ್‌ವೇರ್‌ನಲ್ಲಿದ್ದೇನೆ ಅನ್ನುವ ಒಂದೇ ಕಾರಣಕ್ಕೆ ಅದು ನನ್ನ ಕುತ್ತಿಗೆಗೆ ಬಿದ್ದಿದೆ. (ಅದೇ ಕಾರಣಕ್ಕೆ ಪಕ್ಕದ ಮನೆಯ ವೈಫೈ, ಸೋದರತ್ತೆಯ ವಾಟ್ಸಾಪ್ ಕೂಡ.) ಸೈಟಿಗೆ ಸರ್ವರಿನಲ್ಲಿ ಜಾಗ ಬಾಡಿಗೆ ಕೊಟ್ಟಿದ್ದ ಹಳೇ ಹೋಸ್ಟಿಂಗ್‌ನವರು ಮೊದಲ ವರ್ಷ ಪುಕ್ಕಟೆ ಅನ್ನುವಷ್ಟು ಕಡಿಮೆಗೆ ಕೊಟ್ಟು, ರಿನ್ಯೂವಲ್ ಹೊತ್ತಿಗೆ ಬಾಯಿಗೆ ಬಂದ ರೇಟು ಹೇಳಿದರು. "ಬದಲಾಯಿಸಿಬಿಡು" ಅಂದರು ನಮ್ಮ ಖಜಾಂಚಿಗಳು. ತರಕಾರಿ ಅಂಗಡಿ ಬದಲಾಯಿಸು ಅಂದ ಹಾಗೆ.

ಡೇಟಾಬೇಸ್ ಡಂಪ್, ಅಂದರೆ ಸೈಟಿನ ಬರಹವೆಲ್ಲ ಇರುವ ಒಂದು ಫೈಲ್, ತೆಗೆದೆ. ಹೊಸ ಕಡೆ ಫೈಲ್ ಜಾಸ್ತಿ ದೊಡ್ಡದು ಅಂತು. ಜಿಪ್ ಮಾಡಿ ಕೊಟ್ಟರೆ ಅರ್ಧಕ್ಕೆ ಟೈಮ್‌ಔಟ್. ಇದೆಲ್ಲ ಮಾಮೂಲಿ ಬಿಡಿ. ಕೊನೆಗೆ ಕಮಾಂಡ್ ಲೈನ್‌ನಿಂದ ತಳ್ಳಿದೆ. ಒಂದೂ ಎರರ್ ಇಲ್ಲದೆ ಒಳಗೆ ಹೋಯಿತು. ಸೈಟ್ ತೆರೆದು ನೋಡಿದರೆ ಒಂದೂ ಕನ್ನಡ ಅಕ್ಷರವಿಲ್ಲ.

ಆದದ್ದಿಷ್ಟು. ಕಂಪ್ಯೂಟರ್ ಅಕ್ಷರಗಳನ್ನು ಬೈಟ್ ಅನ್ನುವ ಸಂಖ್ಯೆಗಳಾಗಿ ಇಡುತ್ತದೆ. ಎಲ್ಲ ಭಾಷೆಗೂ ಆಗುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದು ಅಕ್ಷರಕ್ಕೆ, ಒಂದು ಕಾಗುಣಿತದ ಗುರುತಿಗೆ ತಲಾ ಮೂರು ಬೈಟ್ ಬೇಕು. ಆದರೆ ನಮ್ಮ ಡೇಟಾಬೇಸಿನ ಹಳೇ ಟೇಬಲ್‌ಗಳ ಮೇಲೆ ಇದ್ದದ್ದು "ಲ್ಯಾಟಿನ್1, ಸ್ವೀಡಿಷ್" ಅನ್ನುವ ಚೀಟಿ: ಅಕ್ಷರಕ್ಕೊಂದೇ ಬೈಟಿನ ಯುರೋಪಿನ ಲಿಪಿ, ಸ್ವೀಡಿಷ್ ಅಕಾರಾದಿ ಅಂತ. ನಮ್ಮ ಡೇಟಾಬೇಸ್ ಸಾಫ್ಟ್‌ವೇರ್ ಮೈಎಸ್‌ಕ್ಯೂಎಲ್ ಸ್ವೀಡನ್ನಿನಲ್ಲಿ ಹುಟ್ಟಿದ್ದು. ಬೇರೆ ಹೇಳದಿದ್ದರೆ 2018ರಲ್ಲಿ 8.0 ಆವೃತ್ತಿ ಬರುವವರೆಗೂ ಅದು ತಾನಾಗಿ ಅಂಟಿಸುತ್ತಿದ್ದದ್ದು ಇದೇ ಚೀಟಿ. ಅಂದರೆ ಊರಿನ ಹಿರಿಯರೆಲ್ಲ ಇಷ್ಟು ವರ್ಷ ಸ್ವೀಡಿಷ್ ಅಕಾರಾದಿಯಲ್ಲಿ ಸಾಲಾಗಿ ನಿಂತಿದ್ದರು! ಹಳೇ ಸರ್ವರ್ ಚೀಟಿಯ ಗೊಡವೆಗೆ ಹೋಗದೆ, ಹಾಕಿದ ಬೈಟ್‌ಗಳನ್ನೇ ವಾಪಸ್ ಕೊಡುತ್ತಿತ್ತು. ಹೊಸದು ಚೀಟಿಯನ್ನು ನಂಬಿ, ಒಂದೊಂದು ಬೈಟನ್ನೂ ಒಂದೊಂದು ಲ್ಯಾಟಿನ್ ಚಿಹ್ನೆ ಮಾಡಿ ಕೂರಿಸಿತು.

ಅಷ್ಟರಲ್ಲಿ ಖಜಾಂಚಿಗಳ ಫೋನ್.

"ಏನಪ್ಪಾ, ನಮಗೆ ಪೌಂಡಲ್ಲಿ ದುಡ್ಡು ಕೊಟ್ಟಿರೋದು ಯಾರು?"

ಇವರು ರಿಟೈರ್ಡ್ ಬ್ಯಾಂಕ್ ಮ್ಯಾನೇಜರ್. ಸ್ಕ್ರೀನ್‌ಶಾಟ್ ಕಳಿಸಿ ಸಾರ್ ಅಂದರೆ ಕಳಿಸುವವರಲ್ಲ. "ನಾನು ಓದ್ತೀನಿ, ನೀನು ಟಿಕ್ ಹಾಕ್ಕೋ" ಅನ್ನುತ್ತಾರೆ. ಲೆಡ್ಜರ್ ತಾಳೆ ನೋಡಿ ನೋಡಿ ಬಂದ ಅಭ್ಯಾಸ.

"ಎ. ತಲೆ ಮೇಲೊಂದು ಗೀಟು. ಪಕ್ಕದಲ್ಲಿ ಚಿಕ್ಕ ಎರಡು. ಒಂದು ಚುಕ್ಕೆ. ಹಾಕಿದ್ಯಾ?"

"ಸಾರ್, ಗೊತ್ತಾಯ್ತು..."

"ತಡಿಯಪ್ಪ. ಮತ್ತೆ ಎ, ಗೀಟು, ಎರಡು. ಮುಕ್ಕಾಲು. ಮತ್ತೆ ಎ, ಗೀಟು, ಎರಡು. ಪೌಂಡು! ಮತ್ತೆ ಎ, ಗೀಟು, ಎರಡು. ತಲೆಕೆಳಗಾಗಿರೋ ಪ್ರಶ್ನೆ ಚಿಹ್ನೆ. ಮತ್ತೆ ಅದೇ ಎ, ಅದೇ ಎರಡು, ಚುಕ್ಕೆ. ಕೊನೇದು ಎ, ಗೀಟು, ಚಿಕ್ಕ ಮೂರು. ಒಂದು ಶಿಲುಬೆ."

ಅದು "ಕಾಣಿಕೆ" ಅನ್ನುವ ಪದ. ಕ ಚುಕ್ಕೆಯಾಗಿದೆ, ಇಳಿ ಮುಕ್ಕಾಲಾಗಿದೆ, ಣ ಪೌಂಡಾಗಿದೆ, ಗುಡಿಸು ತಲೆಕೆಳಗಾಗಿದೆ, ಎತ್ವ ಶಿಲುಬೆಯಾಗಿದೆ. ಇಷ್ಟನ್ನೂ ವಿವರಿಸಿದೆ. ಅವರು ಸಮಾಧಾನವಾಗಿ ಕೇಳಿಸಿಕೊಂಡರು.

"ಅದೆಲ್ಲ ಸರಿ. ಮುಕ್ಕಾಲು ಪೌಂಡು ಯಾರು ಕೊಡ್ತಾರೆ?"

"ಯಾರೂ ಕೊಟ್ಟಿಲ್ಲ ಸಾರ್."

"ಎಫ್‌ಸಿಆರ್‌ಎ ಗೊತ್ತಲ್ವಾ? 2010ರ ಕಾಯ್ದೆ. ನೋಂದಣಿ ಇಲ್ದೆ ವಿದೇಶಿಯರ ದೇಣಿಗೆ ಮುಟ್ಟೋ ಹಾಗಿಲ್ಲ. ಮುಕ್ಕಾಲಾದರೂ ಪೌಂಡು ಪೌಂಡೇ."

ಸುಮ್ನಿದ್ದೆ. ಅವರು ಸುಮ್ಮನಿರಲಿಲ್ಲ. ಕಥಾಸ್ಪರ್ಧೆಯ ಪುಟಕ್ಕೆ ಹೋದರು. ಅಲ್ಲಿ ಥ ಅಕ್ಷರ ಯೆನ್ ಆಗಿ ಕೂತಿತ್ತು. "ಅಯ್ಯೋ, ಜಪಾನಿನವರೂ ಇದ್ದಾರಲ್ಲಪ್ಪಾ!"

ಹೊಸ ಹೋಸ್ಟಿನ ಚಾಟ್‌ನಲ್ಲಿದ್ದವನು ಬ್ರೌಸರಿನ ಕ್ಯಾಶ್ (ಉಳಿಸಿಟ್ಟ ಹಳೇ ಪುಟಗಳು) ಕ್ಲಿಯರ್ ಮಾಡಿ ನೋಡಿ ಅಂದ. ಅವನಿಗೆ ಅದೊಂದೇ ಮಂತ್ರ ಗೊತ್ತು. ಕೊನೆಗೆ ಹಳೇ ಕಡೆಯಿಂದ ಲ್ಯಾಟಿನ್1 ಅಂತಲೇ ಹೇಳಿ, ಬೈಟ್‌ಗಳು ಇದ್ದ ಹಾಗೇ ಬರುವಂತೆ ಇನ್ನೊಂದು ಡಂಪ್ ತೆಗೆದೆ. ಫೈಲಿನ ಒಳಗಿದ್ದ ಚೀಟಿಗಳನ್ನು ಯುಟಿಎಫ್8ಎಂಬಿ4 (ಮೈಎಸ್‌ಕ್ಯೂಎಲ್‌ನಲ್ಲಿ ಪೂರ್ತಿ ಯುಟಿಎಫ್-8ರ ಹೆಸರು) ಮಾಡಿ ಇಂಪೋರ್ಟ್ ಮಾಡಿದೆ. ಪೌಂಡು ಹೋಗಿ ಣ ಬಂತು. ಆ ಹೊತ್ತಿನಲ್ಲಿ ಣ ಅಷ್ಟು ಚೆಂದ ಕಾಣಬಹುದು ಅಂತ ನನಗೂ ಗೊತ್ತಿರಲಿಲ್ಲ.

ಕೆಲವು ಹಳೇ ಬರಹ ಮಾತ್ರ ಬರಲಿಲ್ಲ. ನನಗಿಂತ ಮುಂಚೆ ಯಾವಾಗಲೋ, ಕನ್ನಡ ಹಿಡಿಸದ ಟೇಬಲ್ ಒಂದಕ್ಕೆ ಅವನ್ನು ಸುರಿದಿದ್ದಾರೆ. ಅದು ಪ್ರತಿ ಅಕ್ಷರಕ್ಕೂ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಕೈತೊಳೆದುಕೊಂಡಿದೆ. ಪೌಂಡನ್ನು ಮತ್ತೆ ಣ ಮಾಡಬಹುದು, ಇದನ್ನು ಏನೂ ಮಾಡಲಾಗದು. ಅದರಲ್ಲೊಂದು ನಮ್ಮ ಊರಿನ ಟೀಚರಮ್ಮ ಬರೆದದ್ದು. ಇಮೇಲ್ ವಿಳಾಸ ಇಂಗ್ಲಿಷಿನಲ್ಲಿದ್ದದ್ದರಿಂದ ಅವರದ್ದು ಅಂತ ತಿಳಿಯಿತು. ಪದಗಳ ನಡುವಿನ ಜಾಗ ಉಳಿದಿದೆ, ಅಲ್ಪವಿರಾಮಗಳು ಉಳಿದಿವೆ, 1961 ಅನ್ನುವ ಇಸವಿ ಉಳಿದಿದೆ. ಆ ವರ್ಷ ಏನೋ ಆಗಿದೆ. ಒಂದು ಅಲ್ಪವಿರಾಮ ಹಾಕಿ, ಆಮೇಲೆ ಉದ್ದಕ್ಕೆ ಹೇಳಿದ್ದಾರೆ. ಕೇಳೋಣ ಅಂದರೆ ಟೀಚರಮ್ಮ ಈಗಿಲ್ಲ. ಯಾರ ಹತ್ತಿರವೂ ಪ್ರತಿ ಇಲ್ಲವಂತೆ.

ಖಜಾಂಚಿಗಳಿಗೆ ಫೋನ್ ಮಾಡಿ ಎಲ್ಲ ಸರಿಹೋಯಿತು ಅಂದೆ. ಅವರು ಆಗಲೇ ಆಡಿಟರಿಗೆ ಮೇಲ್ ಹಾಕಿಬಿಟ್ಟಿದ್ದರು. ಆ ಮುಕ್ಕಾಲು ಪೌಂಡು ಎಲ್ಲಿಂದ ಬಂತು, ಒಂದೇ ದಿನದಲ್ಲಿ ಎಲ್ಲಿಗೆ ಹೋಯಿತು ಅಂತ ಲಿಖಿತ ವಿವರಣೆ ಬೇಕಂತೆ. ನಾನೇ ಬರೆಯಬೇಕಂತೆ, ಸಾಫ್ಟ್‌ವೇರ್‌ನಲ್ಲಿದ್ದೇನಲ್ಲ.