ಹಳದಿ ದೀಪಕ್ಕೆ ಕರಿ ಟೇಪು

ರಜಕ್ಕೆ ದಾವಣಗೆರೆಗೆ ಬಂದವನು ಭಾವನ ಪಿಕಪ್ಪಿನಲ್ಲಿ ಚಿತ್ರದುರ್ಗಕ್ಕೆ ಹೊರಟಿದ್ದೆ. ಹಿಂದೆ ಮಂಡಕ್ಕಿ ಚೀಲಗಳು, ಕ್ಯಾಬಿನ್ನಿಗಿಂತ ಎತ್ತರಕ್ಕೆ. ಭಾವ ಕೀ ತಿರುಗಿಸಿದರು. ಬ್ಯಾಟರಿ ದೀಪ ಹತ್ತಿತು, ಆಯಿಲ್ ದೀಪ ಹತ್ತಿತು. ಎಬಿಎಸ್ ದೀಪ, ಅಂದರೆ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆಯ ದೀಪ ಮಾತ್ರ ಹತ್ತಲೇ ಇಲ್ಲ. ಎಬಿಎಸ್ ಇರುವ ಗಾಡಿಯಲ್ಲಿ ಕೀ ತಿರುಗಿಸಿದ ಕೂಡಲೇ ಆ ಹಳದಿ ದೀಪ ಹತ್ತಿ, ಎರಡು ಮೂರು ಸೆಕೆಂಡಿಗೆ ಆರಬೇಕು. ಹತ್ತದೇ ಇದ್ದರೆ ಏನೋ ಎಡವಟ್ಟಾಗಿದೆ ಅಂತಲೇ ಅರ್ಥ.

"ಭಾವ, ಇದ್ಯಾಕೆ ಹತ್ತಲ್ಲ?" ಅಂದೆ.

"ಮೊದ್ಲು ಯಾವಾಗ್ಲೂ ಹತ್ಕೊಂಡೇ ಇರ್ತಿತ್ತಪ್ಪ. ಗ್ಯಾರೇಜಿನೋರಿಗೆ ಹೇಳಿದೆ, ಸರಿ ಮಾಡಿ ಕೊಟ್ರು."

ಸರಿ ಮಾಡಿದ್ದು ಹೇಗೆ ಅಂತ ಆಮೇಲೆ ಗೊತ್ತಾಯಿತು. ಮೀಟರ್ ಬಿಚ್ಚಿ, ಆ ದೀಪದ ಮೇಲೆ ಕರಿ ಟೇಪು ಅಂಟಿಸಿದ್ದರು.

ನನಗೆ ನಿಜಕ್ಕೂ ಸಿಟ್ಟು ಬಂತು. ನಮ್ಮೂರಿನ ಈ ಚಾಳಿ ಎಷ್ಟು ವರ್ಷ ಹೊರಗಿದ್ದರೂ ನನಗೆ ನುಂಗಲು ಆಗುವುದಿಲ್ಲ. ದೀಪ ಯಾಕೆ ಹತ್ತಿತು ಅಂತ ಯಾರೂ ಕೇಳುವುದಿಲ್ಲ. ಅದು ಕಣ್ಣಿಗೆ ಬೀಳದಿದ್ದರೆ ಸಾಕು. ಕೇಳಿದರೆ "ಬ್ರೇಕ್ ಹಿಡೀತದಲ್ಲ, ಮತ್ತೇನು?" ಅನ್ನುತ್ತಾರೆ. ಹಿಡಿಯುವುದು ನಿಜ. ಎಬಿಎಸ್ ಕೆಟ್ಟರೂ ಮಾಮೂಲಿ ಬ್ರೇಕ್ ಕೆಲಸ ಮಾಡುತ್ತದೆ. ಆದರೆ ದಿಢೀರ್ ಅಂತ ಒತ್ತಿದಾಗ ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುವುದಕ್ಕೆ ಏನೂ ಇರುವುದಿಲ್ಲ.

ಪಿಕಪ್ಪಿಗಂತೂ ಇದು ಬಹಳ ಮುಖ್ಯ. ಬ್ರೇಕ್ ಒತ್ತಿದಾಗ ಭಾರವೆಲ್ಲ ಮುಂದಕ್ಕೆ ಬೀಳುತ್ತದೆ. ಖಾಲಿ ಪಿಕಪ್ಪಿನ ಹಿಂಭಾಗ ಮೊದಲೇ ಹಗುರ, ಆಗ ಇನ್ನಷ್ಟು ಹಗುರಾಗುತ್ತದೆ. ಹಿಂದಿನ ಚಕ್ರ ಲಾಕ್ ಆಯಿತೋ, ಗಾಡಿಯ ಹಿಂಭಾಗ ಪಕ್ಕಕ್ಕೆ ಜಾರಿ ಗಿರಕಿ ಹೊಡೆಯುತ್ತದೆ. ಈ ಕಾರಣಕ್ಕೇ ಅಮೆರಿಕದಲ್ಲಿ ಫೋರ್ಡ್ 1987ರಲ್ಲಿ, ಜನರಲ್ ಮೋಟಾರ್ಸ್ 1988ರಲ್ಲಿ, ತಮ್ಮ ದೊಡ್ಡ ಪಿಕಪ್ಪುಗಳಿಗೆ ಬರೀ ಹಿಂದಿನ ಚಕ್ರಗಳ ಎಬಿಎಸ್ ಕೊಟ್ಟವು. ಈಗ ಮಂಡಕ್ಕಿ ಲೋಡು ಯೋಚಿಸಿ. ನೋಡುವುದಕ್ಕೆ ಗುಡ್ಡ, ತೂಕ ಏನೂ ಇಲ್ಲ. ಮೆಕ್ಕೆಜೋಳ ಹೇರಿದರೆ ಹಿಂದಿನ ಟೈರು ರಸ್ತೆ ಕಚ್ಚಿ ಹಿಡಿಯುತ್ತದೆ. ಮಂಡಕ್ಕಿ ಹೇರಿದ ಗಾಡಿ ಹೆಚ್ಚುಕಮ್ಮಿ ಖಾಲಿ ಗಾಡಿಯೇ. ಮೊದಲ ಮಳೆ ಬಿದ್ದ ಮೇಲೆ ಆನಗೋಡು, ಭರಮಸಾಗರದ ಕಡೆ ಹೈವೇ ಹೇಗೆ ಜಾರುತ್ತದೆ ಅಂತ ಭಾವನಿಗೆ ನಾನು ಹೇಳಬೇಕಾ?

ನಾನಿರುವುದು ಅಮೆರಿಕದ ಓಹಾಯೋದಲ್ಲಿ. ಅಲ್ಲಿ ನನ್ನ ಹತ್ತಿರವೂ ಆ ಹಿಂದಿನ ಚಕ್ರದ ಎಬಿಎಸ್ ಕಾಲದ ಒಂದು ಹಳೇ ಪಿಕಪ್ ಇದೆ. ಅದರಲ್ಲೂ ಹಳದಿ ದೀಪ ಹತ್ತಿಕೊಂಡು ಕೂತಿತು. ಪಕ್ಕದ ಮನೆಯ ಅಜ್ಜ ನೋಡಿದವರೇ, "ಅದನ್ನೇ ಕೇಳು, ಅದೇ ಹೇಳುತ್ತೆ" ಅಂದರು. ಲೈಬ್ರರಿಯಿಂದ ರಿಪೇರಿ ಪುಸ್ತಕ ತಂದೆ. ಪುಸ್ತಕದಲ್ಲಿ ಇದ್ದದ್ದು ಇಷ್ಟು: ಕೀ ಆನ್ ಮಾಡು, ಇಂಥ ಬಣ್ಣದ ವೈರಿನ ಕನೆಕ್ಟರ್ ಹುಡುಕು, ಒಂದೆರಡು ಸೆಕೆಂಡು ಅರ್ತ್ ಕೊಟ್ಟು ಬಿಡು. ದೀಪ ಮಿಟುಕುವುದಕ್ಕೆ ಶುರು ಮಾಡುತ್ತದೆ, ಎಷ್ಟು ಸಲ ಅಂತ ಎಣಿಸು, ಆ ಸಂಖ್ಯೆಯೇ ಏನು ಕೆಟ್ಟಿದೆ ಅಂತ ಹೇಳುವ ಕೋಡ್. ಮೊದಲ ಸುತ್ತು ಅರ್ಧಂಬರ್ಧ ಬರಬಹುದು, ಎರಡನೆಯದನ್ನು ನಂಬು. ಮಧ್ಯೆ ಕೀ ಆಫ್ ಮಾಡಿದರೆ ಕೋಡ್ ಅಳಿಸಿ ಹೋಗುತ್ತದೆ. ಅಜ್ಜ ಹೊರಗೆ ನಿಂತು ಗಟ್ಟಿಯಾಗಿ ಎಣಿಸಿದರು, ನಾನು ಒಳಗೆ ಎಣಿಸಿದೆ. ಇಬ್ಬರಿಗೂ ಆರು ಬಂತು.

ಆರು ಅಂದರೆ ಸೆನ್ಸರ್ ಸಿಗ್ನಲ್ ಬಿಟ್ಟು ಬಿಟ್ಟು ಬರುತ್ತಿದೆ ಅಂತ. ಆ ಗಾಡಿಗಳಲ್ಲಿ ಎರಡೂ ಹಿಂದಿನ ಚಕ್ರಕ್ಕೆ ಸೇರಿ ಒಂದೇ ಸೆನ್ಸರ್, ಡಿಫರೆನ್ಷಿಯಲ್ ಮೇಲೆ, ಅಂದರೆ ಹಿಂದಿನ ಎರಡು ಚಕ್ರಗಳ ನಡುವಿನ ಗೇರ್ ಡಬ್ಬಿಯ ಮೇಲೆ, ಒಂದು ಬೋಲ್ಟಿನಲ್ಲಿ ಕೂತಿರುತ್ತದೆ. ಒಳಗೆ ಹಲ್ಲಿನ ರಿಂಗ್ ತಿರುಗುತ್ತದೆ, ಸೆನ್ಸರ್ ಆ ಹಲ್ಲುಗಳನ್ನು ಲೆಕ್ಕ ಹಾಕುತ್ತದೆ. ವೇಗ ಒಮ್ಮೆಲೇ ಕುಸಿದರೆ ಚಕ್ರ ಲಾಕ್ ಆಗುತ್ತಿದೆ ಅಂತ ಕಂಪ್ಯೂಟರಿಗೆ ತಿಳಿಯುತ್ತದೆ. ಆಗ ವಾಲ್ವು ಹಿಂದಿನ ಬ್ರೇಕಿಗೆ ಹೋಗುವ ಪ್ರೆಶರನ್ನು ಮೊದಲು ತಡೆಯುತ್ತದೆ, ಸಾಲದಿದ್ದರೆ ಸ್ವಲ್ಪ ಇಳಿಸುತ್ತದೆ. ನಾನು ಸೆನ್ಸರಿನ ಸುತ್ತ ಕೂತ ಮಣ್ಣು ಒರೆಸಿ ಮೇಲಕ್ಕೆ ಎಳೆದೆ. ತುದಿಯಲ್ಲಿ ಮ್ಯಾಗ್ನೆಟ್ ಇರುವುದರಿಂದ ಗೇರ್ ಸವೆದ ಕಬ್ಬಿಣದ ಪುಡಿ ಆಯಿಲ್ ಜೊತೆ ಕಲೆತು ಕರೀ ಮುದ್ದೆಯಾಗಿ ಅಂಟಿತ್ತು. ಬಟ್ಟೆಯಲ್ಲಿ ಒರೆಸಿದೆ. ಮಲ್ಟಿಮೀಟರ್ ಹಚ್ಚಿ ಸೆನ್ಸರಿನ ರೆಸಿಸ್ಟೆನ್ಸ್ ನೋಡಿದೆ, 900ರಿಂದ 2500 ಓಮ್ ಒಳಗೆ ಇರಬೇಕು, ಇತ್ತು. ವಾಪಸ್ ಹಾಕಿ ಓಡಿಸಿದೆ, ದೀಪ ಆರಿತು. ಯಾವ ಪಾರ್ಟೂ ಕೊಳ್ಳಲಿಲ್ಲ.

ನನಗೆ ಹಿಡಿಸಿದ್ದು ಆ ಪುಸ್ತಕ, ಆ ಅಜ್ಜ. ಗಾಡಿ ಓಡಿಸುವವನಿಗೂ ಗಾಡಿ ಅರ್ಥ ಆಗಬೇಕು ಅಂತ ಅಲ್ಲಿ ಯಾರೋ ಕೂತು ಬರೆದಿದ್ದಾರೆ. ನಮ್ಮಲ್ಲಿ ಗ್ಯಾರೇಜಿನಲ್ಲಿ ಏನು ಕೆಟ್ಟಿದೆ ಅಂತ ಕೇಳಿ ನೋಡಿ. "ನಿಮಗ್ಯಾಕ್ರೀ ಅದೆಲ್ಲ, ಸಂಜಿಕೆ ಗಾಡಿ ತಗೊಂಡ್ ಹೋಗ್ರಿ." ಮಾತು ಅಲ್ಲಿಗೆ ಮುಗಿಯಿತು. ಸಂಜೆ ಗಾಡಿ ಬರುತ್ತದೆ, ಬಿಲ್ಲಿನಲ್ಲಿ ಬರೀ "ಬ್ರೇಕ್ ಕೆಲಸ" ಅಂತ ಇರುತ್ತದೆ.

ಮಾರನೇ ದಿನ ಭಾವನನ್ನು ಹೊರಡಿಸಿಕೊಂಡು ಪಿ.ಬಿ. ರಸ್ತೆಯ ಆ ಗ್ಯಾರೇಜಿಗೆ ಹೋದೆ. ಜಗಳಕ್ಕೇ ಸಿದ್ಧನಾಗಿದ್ದೆ. ಟೇಪು ತೆಗೆಯಿರಿ, ಕೆಟ್ಟಿದ್ದನ್ನು ಹುಡುಕಿ ಅಂದೆ. ಅಲ್ಲಿನ ಹುಡುಗ ಏನೂ ಮಾತಾಡದೆ ಡ್ರಾಯರಿನಿಂದ ಸ್ಕ್ಯಾನರ್ ತೆಗೆದು ಹಚ್ಚಿದ. ಎಡಗಡೆ ಹಿಂದಿನ ಚಕ್ರದ ಸೆನ್ಸರ್ ಅಂತ ತೋರಿಸಿತು. ಗಾಡಿ ಕೆಳಗೆ ಮಲಗಿ, ಬೆರಳಲ್ಲೇ ವೈರು ಸವರಿಕೊಂಡು ಹೋದ. ಪಾಟಿ, ಅಂದರೆ ಲೀಫ್ ಸ್ಪ್ರಿಂಗ್ ಹತ್ತಿರ ಉಜ್ಜಿ ಉಜ್ಜಿ ತಾಮ್ರ ಹೊರಗೆ ಬಂದಿತ್ತು. ಕತ್ತರಿಸಿ, ಬೆಸುಗೆ ಹಾಕಿ, ಸ್ಲೀವ್ ಏರಿಸಿ, ಪಾಟಿಗೆ ತಾಗದ ಹಾಗೆ ಕಟ್ಟಿದ. ನಾವು ಚಹಾ ಕುಡಿದು ಬರುವಷ್ಟರಲ್ಲಿ ಕೆಲಸ ಮುಗಿದಿತ್ತು.

"ಇದನ್ನ ಆವತ್ತೇ ಮಾಡಬಹುದಿತ್ತಲ್ಲಪ್ಪ?" ಅಂದೆ.

"ಮಾಡ್ತಿದ್ವಿ ಸಾರ್. ಇವ್ರು ಲೈಟ್ ಹೋದ್ರೆ ಸಾಕು, ಹತ್ತು ನಿಮಿಷದಾಗ ಗಾಡಿ ಬಿಡ್ರಿ ಅಂದ್ರು."

ಭಾವ ಅಲ್ಲಗಳೆಯಲಿಲ್ಲ. "ಗಾಡಿ ಒಂದಿನ ನಿಂತ್ರೆ ಮಂಡಕ್ಕಿ ಭಟ್ಟಿ ಮಾಲು ಯಾರು ಒಯ್ಯೋರು?" ಅಂದರು.

ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಓಹಾಯೋದಲ್ಲಿ ನನ್ನ ಪಿಕಪ್ ಸೆನ್ಸರ್ ಬಿಚ್ಚಿಕೊಂಡು ಎಷ್ಟು ದಿನ ಬೇಕಾದರೂ ನಿಲ್ಲಬಹುದು, ಓಡಾಟಕ್ಕೆ ಕಾರು ಬೇರೆ ಇದೆ. ಅಲ್ಲಿ ನಾನೇ ಕೈ ಹಚ್ಚಿದ್ದಕ್ಕೆ ಒಂದು ಕಾರಣ ಗ್ಯಾರೇಜಿನ ಗಂಟೆ ಲೆಕ್ಕದ ಕೂಲಿ ಅನ್ನುವುದನ್ನೂ ಮುಚ್ಚಿಡಬಾರದು. ಕೈ ಕೆಲಸ ಬರದವರು ಅಲ್ಲೂ ದೀಪ ಹತ್ತಿಸಿಕೊಂಡೇ ಓಡಾಡುತ್ತಾರೆ. ಆದರೂ ಟೇಪು ಅಂಟಿಸುವುದು ತಪ್ಪು, ಆ ಮಾತಿನಲ್ಲಿ ನಾನು ಒಂದಿಂಚೂ ಹಿಂದೆ ಸರಿಯುವುದಿಲ್ಲ. ಭಾವನಿಗೂ ಹಾಗೇ ಹೇಳಿದೆ.

ಮಳೆಗಾಲಕ್ಕೆ ಮುಂಚೆ ನಾಲ್ಕೂ ಚಕ್ರದ ವೈರು, ಹಿಂದಿನ ಬ್ರೇಕ್ ಡ್ರಮ್ಮು ಬಿಚ್ಚಿಸಿ ನೋಡಿಸುತ್ತೇನೆ ಅಂತ ಭಾವ ಒಪ್ಪಿದ್ದಾರೆ. ಲೋಡು ಇಲ್ಲದ ಭಾನುವಾರ ಆಗಬೇಕಂತೆ. ಭಾನುವಾರ ಗ್ಯಾರೇಜು ರಜ. ಹುಡುಗ ಮನೆ ಹತ್ತಿರವೇ ಬಂದು ನೋಡಿಕೊಡುತ್ತೇನೆ ಅಂದನಂತೆ. ಓಹಾಯೋದಲ್ಲಿ ಹಾಗೆ ಯಾರೂ ಬಂದದ್ದನ್ನು ನಾನು ನೋಡಿಲ್ಲ.