ಟನೇಜ್ ಕೇಳುವವರು ಅದರ ಲೆಕ್ಕವನ್ನೂ ಹೇಳಿಕೊಡಬೇಕು

ಮೀನುಗಾರಿಕೆ ಬೋಟಿನ ನೋಂದಣಿಗೆ ಉದ್ದ, ಅಗಲ, ಆಳದ ಜೊತೆಗೆ ಟನೇಜ್ ಕೂಡ ಬರೆಯಬೇಕು. ನಮ್ಮ ಕರಾವಳಿಯಲ್ಲಿ ಎಷ್ಟೋ ಅರ್ಜಿಗಳು ಅಲ್ಲಿಗೇ ನಿಂತುಬಿಡುವುದನ್ನು ನೋಡಿದ್ದೇನೆ. ಬೋಟ್ ಕಟ್ಟಿದವರನ್ನು ಕೇಳಿದರೆ ಒಂದು ಅಂಕಿ, ಹಳೆಯ ವಿಮೆ ಪತ್ರದಲ್ಲಿ ಮತ್ತೊಂದು. ತಾಂಡೇಲರು, ಅಂದರೆ ಬೋಟ್ ನಡೆಸುವ ಮುಖ್ಯಸ್ಥರು, ಎಷ್ಟು ಟನ್ ಮೀನು ಹಿಡಿಸುತ್ತದೆ ಎಂದು ನೆನೆದು ಮೂರನೆಯದನ್ನು ಹೇಳುತ್ತಾರೆ. ಯಾರೂ ಸುಳ್ಳು ಹೇಳುತ್ತಿಲ್ಲ. ಒಬ್ಬರು ಬೋಟಿನ ತೂಕ ಹೇಳಿದರು, ಒಬ್ಬರು ಮೀನಿನ ತೂಕ ಹೇಳಿದರು. ಸರ್ಕಾರ ಕೇಳಿದ್ದು ಎರಡೂ ಅಲ್ಲ.

ಅದು ಕೇಳುವುದು ಒಳಗಿನ ಜಾಗವನ್ನು. 1854ರಲ್ಲಿ ಬ್ರಿಟನ್ ಕಾನೂನು ಮಾಡಿದ ಮೂರ್ಸಮ್ ಪದ್ಧತಿಯಲ್ಲಿ 100 ಘನ ಅಡಿ ಜಾಗಕ್ಕೆ ಒಂದು ಟನ್. ಒಟ್ಟು ಜಾಗ ಗ್ರಾಸ್ ಟನೇಜ್. ಇಂಜಿನ್ ಕೋಣೆ, ಸಿಬ್ಬಂದಿಯ ಜಾಗದಂಥವನ್ನು ಕಳೆದು ಸರಕಿಗೆ ಉಳಿಯುವುದು ನೆಟ್. ಫ್ಲ್ಯಾಟ್ ಕೊಳ್ಳುವಾಗ ಬಿಲ್ಟಪ್ ಏರಿಯಾ, ಕಾರ್ಪೆಟ್ ಏರಿಯಾ ಎನ್ನುತ್ತಾರಲ್ಲ, ಹಾಗೆಯೇ.

ಗೊಂದಲಕ್ಕೆ ಇನ್ನೊಂದು ಕಾರಣವೂ ಇದೆ. 1969ರ ಲಂಡನ್ ಒಪ್ಪಂದ ಹೊಸ ಲೆಕ್ಕವನ್ನು ತಂದಿತು. 1982ರಲ್ಲಿ ಅದು ಜಾರಿಗೆ ಬಂತು. ಒಟ್ಟು ಘನ ಮೀಟರನ್ನು ಒಂದು ಗುಣಕದಿಂದ ಗುಣಿಸಬೇಕು, ಆ ಗುಣಕ ಹಡಗು ದೊಡ್ಡದಾದಂತೆ ಸ್ವಲ್ಪ ಸ್ವಲ್ಪ ಏರುತ್ತದೆ. ನೂರು ಘನ ಮೀಟರ್ ಜಾಗವಿರುವ ಬೋಟನ್ನೇ ತೆಗೆದುಕೊಳ್ಳಿ. ಹಳೆಯ ಲೆಕ್ಕದಲ್ಲಿ ಅದು ಸುಮಾರು 35 ಟನ್, ಹೊಸ ಲೆಕ್ಕದಲ್ಲಿ 24. ಬೋಟ್ ಅದೇ, ಹಲಗೆ ಅದೇ. ಎರಡು ಕಾಗದದಲ್ಲಿ ಎರಡು ಅಂಕಿ ಕಂಡರೆ ‘ತಾಳೆಯಾಗುವುದಿಲ್ಲ’ ಎಂದು ಅರ್ಜಿ ವಾಪಸು ಬರುತ್ತದೆ. ಯಾವ ಪದ್ಧತಿಯ ಅಂಕಿ ಬೇಕೆಂದು ಅರ್ಜಿಯಲ್ಲೇ ಒಂದು ಸಾಲು ಇದ್ದಿದ್ದರೆ ಈ ಅಲೆದಾಟವೇ ಇರುತ್ತಿರಲಿಲ್ಲ. ನೋಂದಣಿ ಇಲ್ಲದೆ ಪರವಾನಗಿ ಇಲ್ಲ, ತೆರಿಗೆ ವಿನಾಯಿತಿಯ ಡೀಸೆಲ್ ಇಲ್ಲ. ಇಷ್ಟೆಲ್ಲ ನೇತುಬಿದ್ದಿರುವ ಒಂದು ಅಂಕಿಯ ವಿಷಯದಲ್ಲಿ ಈ ಉದಾಸೀನ ನನಗೆ ಸಿಟ್ಟು ತರಿಸುತ್ತದೆ.

ಜೂನ್, ಜುಲೈ ತಿಂಗಳ ಮೀನುಗಾರಿಕೆ ನಿಷೇಧದಲ್ಲಿ ಬೋಟುಗಳು ದಡ ಏರಿರುತ್ತವೆ. ಅಳೆಯಲು ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಅಂಥ ಒಂದು ದಿನ ಸಂಬಂಧಿಕರ ಬೋಟನ್ನು ಟೇಪ್ ಹಿಡಿದು ಅಳೆದೆವು. ಉದ್ದ, ಅಗಲಕ್ಕೆ ತಕರಾರು ಬರಲಿಲ್ಲ. ಆಳಕ್ಕೆ ಮಾವ ಥಟ್ಟನೆ, “ನಾಲ್ಕೂವರೆ ಅಡಿ, ಬರೆದುಕೋ” ಎಂದರು. “ಮಾವ, ಅದು ನೀರಿನಲ್ಲಿ ಮುಳುಗುವ ಆಳ. ಇವರಿಗೆ ಬೇಕಾದದ್ದು ಬೋಟಿನದೇ ಆಳ” ಎಂದೆ. ನಡುಮಧ್ಯದಲ್ಲಿ, ಪಕ್ಕದ ಹಲಗೆಯ ಮೇಲಂಚಿಗೆ ಅಡ್ಡಲಾಗಿ ಒಂದು ಪಟ್ಟಿ ಇಟ್ಟು, ಅದರಿಂದ ಗಾರೆಯವರ ತೂಗುಗುಂಡನ್ನು ಅಡಿಯ ತನಕ ಇಳಿಬಿಟ್ಟೆವು. ದಾರ ಅಲುಗಾಡುವುದು ನಿಂತ ಮೇಲೆ ಅಳೆದರೆ ಆರು ಅಡಿಗೂ ಮಿಕ್ಕಿತ್ತು. ಇಲ್ಲಿ ಒಂದೂವರೆ ಅಡಿ ತಪ್ಪಿದರೆ ಟನೇಜಿನ ಕಾಲುಭಾಗವೇ ಹಾರಿಹೋಗುತ್ತದೆ.

ಲಂಡನ್ ಒಪ್ಪಂದ 24 ಮೀಟರಿಗಿಂತ ಚಿಕ್ಕ ಹಡಗುಗಳಿಗೆ ಅನ್ವಯಿಸುವುದಿಲ್ಲ. ಸಣ್ಣ ದೋಣಿಗಳ ಲೆಕ್ಕವನ್ನು ಆಯಾ ದೇಶವೇ ಸರಳ ಮಾಡಿಕೊಳ್ಳಬಹುದು. ಅಮೆರಿಕದ ಕೋಸ್ಟ್ ಗಾರ್ಡ್ 79 ಅಡಿಗಿಂತ ಚಿಕ್ಕ ದೋಣಿಗಳಿಗೆ ಇದನ್ನೇ ಮಾಡಿದೆ. ಮಾಲೀಕನೇ ಉದ್ದ, ಅಗಲ, ಆಳವನ್ನು ಅಡಿಗಳಲ್ಲಿ ಅಳೆದು ಅರ್ಜಿಯಲ್ಲಿ ತುಂಬುತ್ತಾನೆ. ಮೂರನ್ನೂ ಗುಣಿಸಿ, ಸಾಮಾನ್ಯ ಯಾಂತ್ರಿಕ ದೋಣಿಯಾದರೆ 0.67ರಿಂದ, ಹಾಯಿದೋಣಿಯ ಮೈಕಟ್ಟಾದರೆ 0.5ರಿಂದ ಗುಣಿಸಿ, ನೂರರಿಂದ ಭಾಗಿಸಿದರೆ ಗ್ರಾಸ್ ಸಿಗುತ್ತದೆ. 40 ಅಡಿ ಉದ್ದ, 12 ಅಡಿ ಅಗಲ, 6 ಅಡಿ ಆಳದ ಯಾಂತ್ರಿಕ ದೋಣಿಗೆ ಗ್ರಾಸ್ 19. ಇಂಜಿನ್ ಒಳಗೇ ಇದ್ದರೆ ಅದರ ಶೇ. 80, ಅಂದರೆ 15, ನೆಟ್. ಏಳನೇ ತರಗತಿಯ ಹುಡುಗಿ ಮಾಡಬಲ್ಲ ಲೆಕ್ಕ.

ನಮ್ಮ ಅರ್ಜಿಯ ಹಿಂಬದಿಯಲ್ಲೂ ಇಷ್ಟನ್ನು ಕನ್ನಡದಲ್ಲಿ ಅಚ್ಚು ಹಾಕಲಿ: ಯಾವ ಸೂತ್ರ, ಆಳವನ್ನು ಎಲ್ಲಿಂದ ಎಲ್ಲಿಗೆ ಅಳೆಯಬೇಕು, ಜೊತೆಗೆ ಬೋಟಿನ ಒಂದು ಚಿತ್ರ. ಅಳತೆ ನಾವು ಕೊಡುತ್ತೇವೆ, ಟನೇಜನ್ನು ಕಚೇರಿಯವರೇ ಗುಣಿಸಿ ತುಂಬಲಿ. ಅನುಮಾನ ಬಂದರೆ ದಕ್ಕೆಗೆ ಬಂದು ಟೇಪ್ ಹಿಡಿಯಲಿ, ನಾವು ಇನ್ನೊಂದು ತುದಿ ಹಿಡಿದುಕೊಳ್ಳುತ್ತೇವೆ.

ಅಲ್ಲಿಯವರೆಗೆ ಹಳೆಯ ಬೋಟ್ ಕೊಳ್ಳುವವರಿಗೆ ಒಂದು ಮಾತು. ಪೂರ್ತಿ ಹಣ ಕೊಡುವ ಮೊದಲೇ ಮೊದಲ ಸರ್ವೆಯ ಪ್ರತಿಯನ್ನು ಮಾಲೀಕರಿಂದ ಕೇಳಿ ಪಡೆಯಿರಿ, ಟನೇಜ್ ಯಾವ ಲೆಕ್ಕದ್ದೆಂದು ಅದರಲ್ಲೇ ಬರೆಸಿಕೊಳ್ಳಿ.